ಉಸಿರನ್ನು ಅಳೆಯ ಹೊರಟವರು

ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದ್ದೊಂದನ್ನು ಮೂಗಿಗೆ ಸಿಕ್ಕಿಸಿ, ದಪ್ಪನೆಯ ಕೊಳವೆಯೊಂದನ್ನು ಬಾಯಿಗೆ ಕೊಟ್ಟು ಆ ಹುಡುಗಿ ಹೇಳಿದಳು: “ಆಂಟಿ, ಈಗ ಸಹಜವಾಗಿ ಉಸಿರಾಡಿ.”

ನನಗೆ ನಗು ಬಂತು. ಐವತ್ತೆಂಟು ವರ್ಷ ನಾನು ಉಸಿರಾಡುತ್ತಲೇ ಇದ್ದೇನೆ. ಒಲೆಯ ಮುಂದೆ, ಬಾವಿಕಟ್ಟೆಯಲ್ಲಿ, ಬಸ್ಸಿನ ನೂಕುನುಗ್ಗಲಿನಲ್ಲಿ ಎಲ್ಲಿಯೂ ಅದರ ಬಗ್ಗೆ ಯೋಚಿಸಿದ್ದಿಲ್ಲ. ಈಗ ಸಹಜವಾಗಿ ಉಸಿರಾಡು ಎಂದ ಕೂಡಲೇ ಅದು ಹೇಗೆಂಬುದೇ ಮರೆತುಹೋಯಿತು! ಒಮ್ಮೆ ಉದ್ದಕ್ಕೆ ಎಳೆದೆ, ಒಮ್ಮೆ ಗಿಡ್ಡಕ್ಕೆ ಬಿಟ್ಟೆ. ಪರದೆಯ ಮೇಲಿನ ಗೆರೆ ಮಲೆನಾಡಿನ ಗುಡ್ಡಸಾಲಿನಂತೆ ಎದ್ದುಬಿದ್ದು ಓಡಿತು. “ಹಾಗಲ್ಲ ಆಂಟಿ, ಮಾಮೂಲಿನ ಥರ” ಎಂದಳು ಹುಡುಗಿ. ಮಾಮೂಲು ಯಾವುದೆಂದು ಗೊತ್ತಿದ್ದರೆ ತಾನೆ?

ಚಳಿಗಾಲ ಬಂದರೆ ನನಗೆ ಉಬ್ಬಸ. ಆ ಗೆರೆಯನ್ನು ನೋಡಿಯೇ ಡಾಕ್ಟರು ಔಷಧಿಯ ಪ್ರಮಾಣ ನಿರ್ಧರಿಸುವುದು. ಹಾಗಾಗಿ ಮನೆಗೆ ಬಂದ ಮೇಲೂ ಒಂದು ಅನುಮಾನ ಕಾಡುತ್ತಲೇ ಇತ್ತು. ಆ ಯಂತ್ರ ಅಳೆದದ್ದು ನನ್ನ ಉಸಿರನ್ನೋ, ಯಂತ್ರಕ್ಕೆ ಹೆದರಿದ ನನ್ನ ಉಸಿರನ್ನೋ? ಪ್ರಾಣಿಶಾಸ್ತ್ರ ಓದಿದ ಮಗಳಿಗೆ ಫೋನು ಮಾಡಿ ಕೇಳಿದೆ. ಅವಳು ನಕ್ಕು, “ಅಮ್ಮಾ, ನೀನಾದರೂ ಹೇಳಿದ ಮಾತು ಕೇಳುತ್ತೀ. ನಾಯಿಗೆ, ಇಲಿಗೆ ಸಹಜವಾಗಿ ಉಸಿರಾಡು ಅಂತ ಯಾರು ಹೇಳೋದು? ನಿನ್ನ ಈ ಪ್ರಶ್ನೆಗೆ ಮುನ್ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸ ಇದೆ” ಎಂದಳು. ಆಮೇಲೆ ಓದಲು ಒಂದಷ್ಟು ಪುಸ್ತಕ, ಲೇಖನಗಳನ್ನೂ ಕಳಿಸಿಕೊಟ್ಟಳು. ಮಧ್ಯಾಹ್ನಗಳಲ್ಲಿ ಕೂತು ಅವನ್ನು ಓದಿದೆ. ಅದನ್ನೇ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಕಥೆ ಶುರುವಾಗುವುದು ಇಂಗ್ಲೆಂಡಿನಲ್ಲಿ. 1659ರ ಹೊತ್ತಿಗೆ ರಾಬರ್ಟ್ ಬಾಯ್ಲ್ ಎಂಬ ವಿಜ್ಞಾನಿ ಗಾಜಿನ ಪಾತ್ರೆಯಿಂದ ಗಾಳಿಯನ್ನು ಹೊರಗೆಳೆಯುವ ಪಂಪೊಂದನ್ನು ಮಾಡಿಸಿದ. ಅದನ್ನು ಕಟ್ಟಿಕೊಟ್ಟವನು ಅವನ ಸಹಾಯಕ ರಾಬರ್ಟ್ ಹುಕ್. ಪಾತ್ರೆಯೊಳಗೆ ಹಕ್ಕಿಯನ್ನೋ ಇಲಿಯನ್ನೋ ಇಟ್ಟು ಗಾಳಿ ತೆಗೆದರೆ ಅದು ಒದ್ದಾಡಿ ಬೀಳುತ್ತಿತ್ತು. ಉಸಿರಿಗೆ ಗಾಳಿ ಬೇಕೆಂಬುದಕ್ಕೆ ಸಾಕ್ಷಿ ಸಿಕ್ಕಿತು, ನಿಜ. ಆದರೆ ಉಸಿರಾಟವನ್ನು ತಿಳಿಯಲು ಹೊರಟವರು ಮೊದಲು ಮಾಡಿದ್ದು ಉಸಿರನ್ನು ಕಸಿದುಕೊಳ್ಳುವ ಕೆಲಸ. ನೂರು ವರ್ಷ ಕಳೆದ ಮೇಲೆ, 1768ರಲ್ಲಿ, ಜೋಸೆಫ್ ರೈಟ್ ಎಂಬ ಚಿತ್ರಕಾರ ಇಂಥದೇ ಪ್ರಯೋಗದ ದೊಡ್ಡ ಚಿತ್ರವೊಂದನ್ನು ಬರೆದ. ಅದು ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ನಾನು ನೋಡಿದ್ದು ಪುಸ್ತಕದಲ್ಲಿ ಅಚ್ಚಾದದ್ದನ್ನು. ಗಾಜಿನ ಗೋಳದೊಳಗೆ ಬಿಳಿಯ ಕಾಕಟೂ ಹಕ್ಕಿ, ಸುತ್ತಲೂ ದೀಪದ ಬೆಳಕಿನಲ್ಲಿ ನೋಡುತ್ತಿರುವ ಜನ. ಗಂಡಸರಲ್ಲಿ ಒಬ್ಬ ಗಡಿಯಾರ ಹಿಡಿದು ಕೂತಿದ್ದಾನೆ. ಒಬ್ಬ ಹುಡುಗಿ ಮಾತ್ರ ನೋಡಲಾರದೆ ಕೈಯಿಂದ ಕಣ್ಣು ಮುಚ್ಚಿಕೊಂಡಿದ್ದಾಳೆ. ಆ ಹುಡುಗಿಯ ಪಕ್ಕದಲ್ಲಿ ನಾನೂ ನಿಂತಂತೆ ಅನ್ನಿಸಿತು.

ಎಲ್ಲ ವಿಜ್ಞಾನಿಗಳ ಎದೆಯೂ ಕಲ್ಲಾಗಿತ್ತು ಎನ್ನಬೇಡಿ. 1664ರಲ್ಲಿ ಹುಕ್ ನಾಯಿಯೊಂದರ ಎದೆ ತೆರೆದು, ತಿದಿಯಿಂದ ಗಾಳಿಯೂದಿ, ಅದನ್ನು ಸುಮಾರು ಹೊತ್ತು ಬದುಕಿಸಿಟ್ಟ. ಆಗ ಅರಿವಳಿಕೆ ಇರಲಿಲ್ಲ. ಪ್ರಯೋಗ ಮುಗಿದ ಮೇಲೆ, ಆ ಜೀವ ಪಟ್ಟ ಹಿಂಸೆಯನ್ನು ಕಂಡು ಮತ್ತೆ ಇಂಥದನ್ನು ಮಾಡಲು ಮನಸ್ಸಾಗದೆಂಬರ್ಥದಲ್ಲಿ ಬಾಯ್ಲ್‌ಗೆ ಕಾಗದ ಬರೆದ. ಆದರೂ 1667ರಲ್ಲಿ ರಾಯಲ್ ಸೊಸೈಟಿಯ ಮುಂದೆ ಮತ್ತೆ ಮಾಡಬೇಕಾಯಿತು. ಈ ಸಲ ಶ್ವಾಸಕೋಶದ ಮೇಲ್ಪದರಕ್ಕೆ ಸಣ್ಣ ತೂತುಗಳನ್ನು ಮಾಡಿ, ಎಡೆಬಿಡದೆ ಗಾಳಿಯೂದಿದರು. ಶ್ವಾಸಕೋಶ ಅಲುಗಾಡದೆ ಉಬ್ಬಿಯೇ ನಿಂತಿತ್ತು, ನಾಯಿ ಬದುಕಿತ್ತು. ಜೀವ ಉಳಿಸುವುದು ಎದೆಯ ಏರಿಳಿತವಲ್ಲ, ಹೊಸ ಗಾಳಿ ಎಂದು ಅದರಿಂದ ತಿಳಿಯಿತು.

ಅಳತೆಯ ಉಪಕರಣವೇ ಅಳೆಯುವ ವಸ್ತುವನ್ನು ಬದಲಿಸುತ್ತದೆ ಎಂಬ ಅನುಮಾನದ ಹಳೆಯ ಸುಳಿವೊಂದು ನನಗೆ ಸಿಕ್ಕಿದ್ದು ಫ್ರಾನ್ಸಿನಲ್ಲಿ. 1782-83ರ ಚಳಿಗಾಲದಲ್ಲಿ ಲಾವಾಸಿಯೇ ಮತ್ತು ಲಾಪ್ಲಾಸ್ ಒಂದು ಗಿನಿ ಪಿಗ್ಗನ್ನು ಸುತ್ತಲೂ ಮಂಜುಗಡ್ಡೆ ತುಂಬಿದ ಪಾತ್ರೆಯೊಳಗೆ ಕೂರಿಸಿದರು. ಅದರ ಮೈಶಾಖಕ್ಕೆ ಎಷ್ಟು ಮಂಜು ಕರಗುತ್ತದೆಂದು ತೂಗಿದರೆ ಹತ್ತು ಗಂಟೆಗೆ 13 ಔನ್ಸು. ಅದು ಉಸಿರಿನಲ್ಲಿ ಹೊರಬಿಟ್ಟ ಇಂಗಾಲದ ಡೈ ಆಕ್ಸೈಡನ್ನು ಬೇರೆ ಪ್ರಯೋಗದಲ್ಲಿ ಅಳೆದು ಲೆಕ್ಕ ಹಾಕಿದರೆ ಕರಗಬೇಕಾಗಿದ್ದುದು ಸುಮಾರು ಹತ್ತೂವರೆ ಔನ್ಸು ಮಾತ್ರ. ವ್ಯತ್ಯಾಸ ಎಲ್ಲಿಂದ ಬಂತು? ಮಂಜಿನ ನಡುವೆ ಕೂತ ಬಡಪಾಯಿಯ ಕೈಕಾಲು ತಣ್ಣಗಾಗಿ, ಮೈಯಲ್ಲಿದ್ದ ಬಿಸಿಯೂ ಸೋರಿಹೋಗಿದ್ದಿರಬೇಕು ಎಂದು ಅವರೇ ಬರೆದರು. ತಪ್ಪು ಪ್ರಾಣಿಯದಲ್ಲ, ನಾವು ಅದನ್ನು ಕೂರಿಸಿದ ಜಾಗದ್ದು ಎಂದು ಒಪ್ಪಿಕೊಳ್ಳುವುದು ಸಣ್ಣ ಮಾತೇನಲ್ಲ.

ಮುಂದೆ ಲಾವಾಸಿಯೇ ತನ್ನ ಸಹಾಯಕ ಸೆಗ್ವಾನನ ಮುಖಕ್ಕೆ ಮುಖವಾಡ ಕಟ್ಟಿ ಮನುಷ್ಯನ ಉಸಿರನ್ನೇ ಅಳೆದ. ಅದರ ಚಿತ್ರ ನಮಗೆ ಉಳಿದಿರುವುದು ಒಬ್ಬ ಹೆಂಗಸಿನಿಂದ. ಲಾವಾಸಿಯೇಯ ಹೆಂಡತಿ ಮರಿ ಆ್ಯನ್ ಹದಿಮೂರನೆಯ ವಯಸ್ಸಿಗೇ ಮದುವೆಯಾಗಿ ಬಂದವಳು. ಚಿತ್ರಕಲೆ ಕಲಿತು ಗಂಡನ ಪ್ರಯೋಗಗಳನ್ನೆಲ್ಲ ಬರೆದಿಟ್ಟಳು. ಆ ಚಿತ್ರದ ಒಂದು ಮೂಲೆಯಲ್ಲಿ ಮೇಜಿನ ಮುಂದೆ ಕೂತು ಲೆಕ್ಕ ಬರೆಯುತ್ತಿರುವ ಹೆಂಗಸು ಅವಳೇ. ಗಂಡನನ್ನು 1794ರಲ್ಲಿ ಗಿಲೊಟಿನ್‌ಗೆ ಕೊಟ್ಟರು. ಕೊನೆಗೆ ಅವನ ಬರಹಗಳನ್ನು ಅಚ್ಚು ಹಾಕಿಸಿದವಳೂ ಅವಳೇ.

ಸರಿ, ಮುಖವಾಡ ಕಟ್ಟಿದರೆ ಉಸಿರು ಯಾಕೆ ಬದಲಾಗಬೇಕು? ಇದಕ್ಕೆ ಉತ್ತರ ನಿಧಾನವಾಗಿ ಸಿಕ್ಕಿತು. 1868ರಲ್ಲಿ ಹೆರಿಂಗ್ ಮತ್ತು ಬ್ರೂಯರ್ ಎಂಬಿಬ್ಬರು ಪ್ರಾಣಿಗಳಲ್ಲಿ ಒಂದು ಸಂಗತಿ ಕಂಡುಹಿಡಿದರು. ಶ್ವಾಸಕೋಶ ಉಬ್ಬಿದರೆ ವೇಗಸ್ ಎಂಬ ನರ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಮಿದುಳು “ಸಾಕು, ಇನ್ನು ಎಳೆಯಬೇಡ” ಎಂದು ಉಸಿರು ಬಿಡಿಸುತ್ತದೆ. ಅಂದರೆ ಹೊರಗಿನಿಂದ ಗಾಳಿಯೂದಿದರೂ, ಕೊಳವೆ ಮುಚ್ಚಿದರೂ ಶ್ವಾಸಕೋಶ ಸುಮ್ಮನಿರುವ ಚೀಲವಲ್ಲ, ಉತ್ತರ ಕೊಡುತ್ತದೆ. (ಈ ಬ್ರೂಯರ್ ಮುಂದೆ ಫ್ರಾಯ್ಡ್ ಜೊತೆ ಸೇರಿ ಹೆಂಗಸರ ಹಿಸ್ಟೀರಿಯಾ ಬಗ್ಗೆ ಪುಸ್ತಕ ಬರೆದವನೇ. ಉಸಿರಿನಿಂದ ಮನಸ್ಸಿಗೆ ಅಷ್ಟೇನೂ ದೂರವಿಲ್ಲ ನೋಡಿ!) 1905ರಲ್ಲಿ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ ಇನ್ನೊಂದನ್ನು ತೋರಿಸಿಕೊಟ್ಟರು. ನಾವು ಎಷ್ಟು ಉಸಿರಾಡಬೇಕೆಂದು ಮುಖ್ಯವಾಗಿ ನಿರ್ಧರಿಸುವುದು ಇಂಗಾಲದ ಡೈ ಆಕ್ಸೈಡ್. ಮುಖವಾಡದೊಳಗೆ, ಕೊಳವೆಯೊಳಗೆ ಬಿಟ್ಟ ಗಾಳಿ ಸ್ವಲ್ಪ ಉಳಿಯುತ್ತದೆ. ಅದನ್ನೇ ಮತ್ತೆ ಎಳೆದುಕೊಂಡಾಗ ಉಸಿರು ತಾನಾಗಿಯೇ ಜೋರಾಗುತ್ತದೆ.

ನಮ್ಮಂಥ ದೊಡ್ಡ ದೇಹಕ್ಕೆ ಇದು ಅಷ್ಟಾಗಿ ತೊಂದರೆ ಕೊಡದು. ಒಂದು ಚುಂಡಿಲಿಯನ್ನು ನೆನೆಸಿಕೊಳ್ಳಿ. ತೂಕ ಇಪ್ಪತ್ತು ಇಪ್ಪತ್ತೈದು ಗ್ರಾಂ. ಒಂದು ಉಸಿರಿಗೆ ಅದು ಎಳೆದುಕೊಳ್ಳುವ ಗಾಳಿ ಸುಮಾರು 0.2 ಮಿಲಿಲೀಟರು, ನಾಲ್ಕು ಹನಿ ನೀರಿನಷ್ಟು ಜಾಗ! ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ. ಆ ಮೂತಿಗೆ ಎಷ್ಟು ಪುಟ್ಟ ಮುಖವಾಡ ತೊಡಿಸಿದರೂ ಅದು ಕೊಡದ ತುಂಬ ಹೊಗೆಯೊಳಗೆ ನಮ್ಮನ್ನು ಕೂರಿಸಿದಂತೆಯೇ. ಕೈಯಲ್ಲಿ ಹಿಡಿದರಂತೂ ಹೆದರಿಕೆಗೇ ಉಸಿರು ದಿಕ್ಕೆಡುತ್ತದೆ. ನನ್ನ ಅನುಮಾನಕ್ಕೂ ಇಲ್ಲೇ ಸಮಾಧಾನ ಸಿಕ್ಕಿತು. ಎದೆ ಹೊಟ್ಟೆಗಳ ಏರಿಳಿತವನ್ನು ಹೊರಗಿನಿಂದಲೇ ಗುರುತಿಸಿ, ಆಮೇಲೆ ಬಾಯಿಗೆ ಕೊಳವೆ, ಮೂಗಿಗೆ ಕ್ಲಿಪ್ಪು ಹಾಕಿ ನೋಡಿದವರು 1972ರಲ್ಲೇ ವರದಿ ಮಾಡಿದ್ದರು: ಮನುಷ್ಯರ ಉಸಿರೂ ಆಗ ಹೆಚ್ಚು ಆಳವಾಗುತ್ತದೆ, ನಿಧಾನವಾಗುತ್ತದೆ. ನಾನೊಬ್ಬಳೇ ದಡ್ಡಿಯಲ್ಲ!

ಹಾಗಾದರೆ ಮುಟ್ಟದೆ ಅಳೆಯಲು ಸಾಧ್ಯವೇ? 1954ರಲ್ಲಿ ಚಾಪಿನ್ ಎಂಬ ವಿಜ್ಞಾನಿ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯನ್ನು ಕಟ್ಟದೆ, ಅರಿವಳಿಕೆ ಕೊಡದೆ, ಒಂದು ಪೆಟ್ಟಿಗೆಯೊಳಗೆ ತನ್ನ ಪಾಡಿಗೆ ಬಿಟ್ಟು ಅಳೆದ. ಮರುವರ್ಷ ಡ್ರಾರ್‌ಬಾ ಮತ್ತು ಫೆನ್ ಅದೇ ಉಪಾಯವನ್ನು ಹಸುಗೂಸುಗಳಿಗೆ ಬಳಸಿದರು. ಉಪಾಯ ಬಹಳ ಸೊಗಸಾಗಿದೆ. ಒಳಗೆಳೆದ ಗಾಳಿ ಮೈಯ ಬಿಸಿಗೆ ಬೆಚ್ಚಗಾಗಿ, ತೇವಗೊಂಡು ಹಿಗ್ಗುತ್ತದೆ. ಆಗ ಮುಚ್ಚಿದ ಪೆಟ್ಟಿಗೆಯ ಒತ್ತಡ ಕೂದಲೆಳೆಯಷ್ಟು ಏರುತ್ತದೆ. ಬಿಟ್ಟಾಗ ಇಳಿಯುತ್ತದೆ. ಆ ಏರಿಳಿತದಿಂದಲೇ ಉಸಿರಿನ ಲೆಕ್ಕ. ಮಗು ಒಳಗೆ ಹಾಯಾಗಿ ಮಲಗಿರಬಹುದು.

ಆದರೆ ಪೆಟ್ಟಿಗೆ ಎಲ್ಲವನ್ನೂ ಹೇಳುವುದಿಲ್ಲ. ಉಸಿರು ಎಷ್ಟು, ಎಷ್ಟು ಸಲ ಎಂದೇನೋ ತಿಳಿಯುತ್ತದೆ. ಶ್ವಾಸಕೋಶ ಎಷ್ಟು ಬಿರುಸಾಗಿದೆ, ಕೊಳವೆಗಳು ಎಷ್ಟು ಕಿರಿದಾಗಿವೆ ಎಂಬುದು ತಿಳಿಯಬೇಕಾದರೆ ಹತ್ತಿರ ಹೋಗಲೇಬೇಕು. ಅರಿವಳಿಕೆ ಕೊಟ್ಟು, ಶ್ವಾಸನಾಳಕ್ಕೆ ಕೊಳವೆ ಹಾಕಿ, ಯಂತ್ರದಿಂದ ಉಸಿರಾಡಿಸಬೇಕು. ಹಾಗೆ ಮಾಡುವಾಗಲೇ ಅಮೆರಿಕದಲ್ಲಿ ನನ್ನ ಮಟ್ಟಿಗೆ ಈ ಇಡೀ ಕಥೆಯ ತಿರುಳಾದ ಘಟನೆ ನಡೆಯಿತು.

1959ರಲ್ಲಿ ಜೆರೆ ಮೀಡ್ ಮತ್ತು ಕಾಲಿಯರ್ ಅರಿವಳಿಕೆ ಕೊಟ್ಟ ನಾಯಿಗಳ ಶ್ವಾಸಕೋಶ ಎಷ್ಟು ಸುಲಭವಾಗಿ ಹಿಗ್ಗುತ್ತದೆಂದು ಅಳೆದ ವಿವರಗಳನ್ನು ಪ್ರಕಟಿಸಿದರು. ಒಂದೇ ಅಳತೆಯ ಉಸಿರು ಒಂದೇ ಸಮನೆ ನಡೆಯುತ್ತಿದ್ದರೆ ಹೊತ್ತು ಹೋದಂತೆ ಶ್ವಾಸಕೋಶ ಬಿರುಸಾಗುತ್ತ ಬರುತ್ತಿತ್ತು. ನಾಯಿಗೆ ಕಾಯಿಲೆಯೇನೂ ಇರಲಿಲ್ಲ. ಒಮ್ಮೆ ದೊಡ್ಡದಾಗಿ ಗಾಳಿ ತುಂಬಿದರೆ ಸಾಕು, ಮತ್ತೆ ಮೊದಲಿನಂತೆ ಮೆತ್ತಗಾಗುತ್ತಿತ್ತು. ಏನಾಗುತ್ತಿತ್ತೆಂದರೆ, ಶ್ವಾಸಕೋಶದ ಸಣ್ಣ ಗಾಳಿಗೂಡುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ಎಚ್ಚರವಿರುವ ಪ್ರಾಣಿ ಆಗೊಮ್ಮೆ ಈಗೊಮ್ಮೆ ತನಗೆ ತಿಳಿಯದೆಯೇ ದೀರ್ಘವಾಗಿ ಉಸಿರೆಳೆದು ಅವನ್ನು ಬಿಡಿಸಿಕೊಳ್ಳುತ್ತದೆ. ಅರಿವಳಿಕೆಯಲ್ಲಿ ಅದು ನಿಂತುಹೋಗಿತ್ತು. ಅಳತೆಯ ಏರ್ಪಾಡು ಕಸಿದುಕೊಂಡದ್ದು ನಾಯಿಯ ನಿಟ್ಟುಸಿರನ್ನು!

ನಿಟ್ಟುಸಿರು ಎಂದಾಗ ನನಗೆ ಅಮ್ಮನ ನೆನಪಾಗದೆ ಇರುವುದಿಲ್ಲ. ಸಂಜೆ ದೇವರಿಗೆ ದೀಪ ಹಚ್ಚುವಾಗ ಅಮ್ಮ ಒಮ್ಮೆ ಉದ್ದಕ್ಕೆ ಉಸಿರು ಬಿಟ್ಟರೆ ಅಜ್ಜಿ ಒಳಗಿನಿಂದಲೇ ಗದರುತ್ತಿದ್ದರು: “ಹೊತ್ತು ಮುಳುಗೋ ಹೊತ್ತಲ್ಲಿ ನಿಟ್ಟುಸಿರು ಬಿಡಬ್ಯಾಡವೇ, ಮನೆಗೆ ಒಳ್ಳೇದಲ್ಲ.” ಅಮ್ಮ ಮಾತಾಡುತ್ತಿರಲಿಲ್ಲ. ನನಗಿಂತ ಮೊದಲು ಅವಳಿಗೊಂದು ಗಂಡುಮಗು ಹುಟ್ಟಿತ್ತಂತೆ, 1961ರಲ್ಲಿ, ಏಳು ತಿಂಗಳಿಗೇ. ಹುಟ್ಟಿದಾಗ ಅತ್ತಿತು. ಆಮೇಲೆ ಪ್ರತಿ ಉಸಿರಿಗೂ ಪಕ್ಕೆ ಒಳಕ್ಕೆ ಹೋಗುತ್ತಿತ್ತಂತೆ. ಮೈ ನೀಲಿಗಟ್ಟಿ ಎರಡನೆಯ ದಿನ ಹೋಯಿತು. ದೃಷ್ಟಿ ಎಂದರು ಕೆಲವರು, ಅಮ್ಮ ಬಸುರಿಯಲ್ಲಿ ನೀರು ಹೊತ್ತದ್ದಕ್ಕೆ ಎಂದರು ಕೆಲವರು. ತಾನು ಕೊಡ ಹೊತ್ತದ್ದರಿಂದಲೇ ಮಗು ಸತ್ತಿತೆಂದು ಅಮ್ಮ ಕೊನೆಯತನಕ ನಂಬಿದ್ದಳು.

ಆ ಮಗುವಿಗೆ ಏನಾಗಿದ್ದಿರಬಹುದು ಎಂಬುದಕ್ಕೆ ಉತ್ತರ ಅಷ್ಟು ಹೊತ್ತಿಗೆ ಬಾಸ್ಟನ್ನಿನಲ್ಲಿ ಸಿಕ್ಕಿಯಾಗಿತ್ತು. ಅದೂ ಮೀಡ್ ಅವರ ಪ್ರಯೋಗಾಲಯದಲ್ಲೇ, ಅದೇ 1959ರಲ್ಲಿ. ಮೇರಿ ಎಲೆನ್ ಏವರಿ ಎಂಬ ಯುವ ವೈದ್ಯೆ ಅಲ್ಲಿಗೆ ಬಂದಿದ್ದರು. ವೈದ್ಯಕೀಯ ಓದು ಮುಗಿಸಿದ ಹೊಸತರಲ್ಲೇ ಸ್ವತಃ ಕ್ಷಯದಿಂದ ಮಲಗಿ ಎದ್ದವರು. ಅವಧಿಗೆ ಮುಂಚೆ ಹುಟ್ಟಿ, ಉಸಿರಾಡಲಾರದೆ ತೀರಿಕೊಂಡ ಶಿಶುಗಳ ಶ್ವಾಸಕೋಶದಲ್ಲಿ ಒಂದು ವಸ್ತು ಸಾಕಷ್ಟಿಲ್ಲವೆಂದು ಅವರು ತೋರಿಸಿದರು. ಅದರ ಹೆಸರು ಸರ್ಫ್ಯಾಕ್ಟೆಂಟ್. ಸೋಪು ಬೆರೆತ ನೀರಿನಲ್ಲಿ ಗುಳ್ಳೆ ನಿಲ್ಲುತ್ತದೆ, ಬರೀ ನೀರಿನಲ್ಲಿ ಒಡೆಯುತ್ತದೆ ಅಲ್ಲವೇ? ಹಾಗೆಯೇ ಗಾಳಿಗೂಡುಗಳು ಮುಚ್ಚಿಹೋಗದಂತೆ ಇದು ಕಾಯುತ್ತದೆ. ತಿಂಗಳು ತುಂಬದ ಕೂಸಿನಲ್ಲಿ ಇದು ಇನ್ನೂ ಸಾಕಷ್ಟು ತಯಾರಾಗಿರುವುದಿಲ್ಲ. ಅದರಲ್ಲಿ ತಾಯಿಯ ತಪ್ಪು ಏನೂ ಇಲ್ಲ.

ಕಾರಣ ಗೊತ್ತಾದ ಮಾತ್ರಕ್ಕೆ ಔಷಧಿ ಸಿಗಲಿಲ್ಲ. 1963ರ ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಇದೇ ತೊಂದರೆಯಿಂದ 39 ಗಂಟೆ ಬದುಕಿ ತೀರಿಕೊಂಡ. ಅರಮನೆಯಂಥ ಮನೆಯ ತಾಯಿಗೂ ನಮ್ಮ ಅಮ್ಮನಿಗೂ ಆ ದುಃಖದಲ್ಲಿ ವ್ಯತ್ಯಾಸವಿರಲಿಲ್ಲ. 1980ರಲ್ಲಿ ಜಪಾನಿನ ಫುಜಿವಾರ ಎಂಬ ವೈದ್ಯರು ಹಸುವಿನ ಶ್ವಾಸಕೋಶದಿಂದ ತೆಗೆದು ಹದಗೊಳಿಸಿದ ಸರ್ಫ್ಯಾಕ್ಟೆಂಟನ್ನು 10 ಶಿಶುಗಳಿಗೆ ಕೊಟ್ಟು, ಉಸಿರಾಟ ಸುಧಾರಿಸಿದ್ದನ್ನು ವರದಿ ಮಾಡಿದರು. ಇಂದು ಅದು ಸಾಮಾನ್ಯ ಚಿಕಿತ್ಸೆ.

ನಾಯಿಗಳ ಕಳೆದುಹೋದ ನಿಟ್ಟುಸಿರೂ ವ್ಯರ್ಥವಾಗಲಿಲ್ಲ. 1963ರಲ್ಲಿ ಬೆಂಡಿಕ್ಸೆನ್ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಯಲ್ಲಿ ಯಂತ್ರದಿಂದ ಉಸಿರಾಡುವ ಮನುಷ್ಯರಲ್ಲೂ ಹೀಗೆಯೇ ರಕ್ತದ ಆಮ್ಲಜನಕ ಇಳಿಯುತ್ತದೆ, ಕೆಲವು ಆಳವಾದ ಉಸಿರು ಕೊಟ್ಟರೆ ಏರುತ್ತದೆ ಎಂದು ಕಂಡರು. ಹಾಗೆಂದು ಯಾವಾಗಲೂ ದೊಡ್ಡ ಉಸಿರನ್ನೇ ಕೊಡುವಂತೆಯೂ ಇಲ್ಲ. 1974ರಲ್ಲಿ ವೆಬ್ ಮತ್ತು ಟೈರ್ನಿ, ಹೆಚ್ಚಿನ ಒತ್ತಡದಲ್ಲಿ ಗಾಳಿಯೂದಿದರೆ ಆರೋಗ್ಯವಂತ ಇಲಿಗಳ ಶ್ವಾಸಕೋಶದಲ್ಲೂ ನೀರು ತುಂಬುತ್ತದೆಂದು ತೋರಿಸಿದರು. ಆ ಎಚ್ಚರಿಕೆ ಮನುಷ್ಯರ ಚಿಕಿತ್ಸೆಯಲ್ಲಿ ಪರೀಕ್ಷೆಗೊಳಗಾದದ್ದು 2000ದಲ್ಲಿ ಪ್ರಕಟವಾದ, ಅಮೆರಿಕದ 861 ರೋಗಿಗಳ ಅಧ್ಯಯನದಲ್ಲಿ. ಕೆಟ್ಟ ಶ್ವಾಸಕೋಶಕ್ಕೆ ಯಂತ್ರದಿಂದ ದೊಡ್ಡ ಉಸಿರು ಕೊಟ್ಟವರಲ್ಲಿ ಸತ್ತವರು ಶೇಕಡಾ 39.8, ಅದರ ಅರ್ಧದಷ್ಟು ಕೊಟ್ಟವರಲ್ಲಿ ಶೇಕಡಾ 31. ಅಳೆಯುವ, ನೆರವಾಗುವ ಯಂತ್ರ ತಾನೇ ಗಾಯ ಮಾಡಬಲ್ಲದೆಂದು ಪ್ರಾಣಿಗಳು ಮೊದಲೇ ಹೇಳಿದ್ದವು. ಕೇಳಿಸಿಕೊಳ್ಳಲು ನಮಗೆ ಇಪ್ಪತ್ತಾರು ವರ್ಷ ಹಿಡಿಯಿತು.

ಈ ಜಗ್ಗಾಟ ಇನ್ನೂ ಮುಗಿದಿಲ್ಲ. 1997ರಲ್ಲಿ ಚುಂಡಿಲಿಗಳನ್ನು ಪೆಟ್ಟಿಗೆಯೊಳಗೆ ಆರಾಮವಾಗಿ ಬಿಟ್ಟು, ಪೆನ್ಹ್ ಎಂಬ ಒಂದೇ ಸಂಖ್ಯೆಯಿಂದ ಉಬ್ಬಸವನ್ನು ಗುರುತಿಸಬಹುದೆಂಬ ವಿಧಾನ ಬಂತು. ಸುಲಭ, ಹಿಂಸೆ ಕಡಿಮೆ. ಬಹಳ ಜನ ಬಳಸಿದರು. ಆದರೆ ಆ ಸಂಖ್ಯೆ ಉಸಿರಾಟದ ಲಯವನ್ನು ಹೇಳುತ್ತದೆಯೇ ಹೊರತು ಕೊಳವೆ ಕಿರಿದಾಗಿದೆಯೇ ಎಂಬುದನ್ನು ನೇರವಾಗಿ ಹೇಳದು ಎಂದು ತಜ್ಞರು ಆಕ್ಷೇಪಿಸಿದರು. 2003ರಲ್ಲಿ ಬೇಟ್ಸ್ ಮತ್ತು ಇರ್ವಿನ್ ಇದಕ್ಕೆ ಭೌತವಿಜ್ಞಾನದಿಂದ ಒಂದು ಹೆಸರನ್ನು ಎರವಲು ತಂದರು: ಅನಿಶ್ಚಿತತೆಯ ತತ್ತ್ವ. ಪ್ರಾಣಿಯನ್ನು ಅದರ ಪಾಡಿಗೆ ಬಿಟ್ಟಷ್ಟೂ ಶ್ವಾಸಕೋಶದ ಒಳಗುಟ್ಟು ತಿಳಿಯುವುದು ಕಡಿಮೆ. ಒಳಗುಟ್ಟನ್ನು ನಿಖರವಾಗಿ ತಿಳಿಯಹೋದಷ್ಟೂ ಪ್ರಾಣಿ ಸಹಜ ಸ್ಥಿತಿಯಿಂದ ದೂರ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಯಾವುದು ಬೇಕೆಂದು ಮೊದಲೇ ತಿಳಿದು ಆರಿಸಿಕೊಳ್ಳಬೇಕು, ಆರಿಸಿಕೊಂಡದ್ದರ ಬೆಲೆಯನ್ನೂ ಒಪ್ಪಿಕೊಳ್ಳಬೇಕು.

ಇದನ್ನು ಓದಿದಾಗ ಚಿಕ್ಕಂದಿನಲ್ಲಿ ನಮ್ಮ ಕೊಟ್ಟಿಗೆಗೆ ಬರುತ್ತಿದ್ದ ದನದ ಡಾಕ್ಟರು ನೆನಪಾದರು. ಗೌರಿಗೆ ಜ್ವರ ಬಂದಾಗ ಅವರು ಬಾಗಿಲಾಚೆಯೇ ನಿಂತು, ಕೈಗಡಿಯಾರ ನೋಡುತ್ತ, ಅದರ ಪಕ್ಕೆಯ ಏರಿಳಿತ ಎಣಿಸುತ್ತಿದ್ದರು. ಅಜ್ಜಿಗೆ ಸಿಟ್ಟು: “ಒಳಗೆ ಬಂದು ಮುಟ್ಟಿ ನೋಡಬಾರದೇನ್ರೀ?” ಅವರು ಎಣಿಸಿ ಮುಗಿಸಿ ಹೇಳುತ್ತಿದ್ದರು: “ಮುಟ್ಟಿದ ಮೇಲೆ ಈ ಲೆಕ್ಕ ಸಿಗೋದಿಲ್ಲ ಅಜ್ಜಿ. ಮೊದಲು ಇದು, ಆಮೇಲೆ ಮುಟ್ಟೋದು.”

ಮೊನ್ನೆ ಮತ್ತೆ ಪರೀಕ್ಷೆಗೆ ಹೋಗಿದ್ದೆ. ಈ ಸಲ ಆ ಹುಡುಗಿ ಕ್ಲಿಪ್ಪು ಹಾಕಿದ ಕೂಡಲೇ ಶುರು ಮಾಡಲಿಲ್ಲ. “ಸ್ವಲ್ಪ ಹೊತ್ತು ಕೂತಿರಿ ಆಂಟಿ, ಅಭ್ಯಾಸ ಆಗಲಿ” ಎಂದು ಮಕ್ಕಳ ವಿಷಯ ಕೇಳಿದಳು. ಗೆರೆ ಸಮವಾಗಿ ಓಡತೊಡಗಿತು. ನಡುವೆ ಒಮ್ಮೆ ನನಗರಿವಿಲ್ಲದೆ ಉದ್ದಕ್ಕೆ ಉಸಿರೆಳೆದಿದ್ದೆನಂತೆ. ಪರದೆಯ ಮೇಲೆ ಒಂದು ದೊಡ್ಡ ಗುಡ್ಡ ಎದ್ದಿತ್ತು. “ಅಯ್ಯೋ, ಕೆಡಿಸಿಬಿಟ್ಟೆನಾ?” ಎಂದೆ. “ಇಲ್ಲ ಆಂಟಿ, ಎಲ್ಲರೂ ಬಿಡ್ತಾರೆ” ಎಂದಳು.

ಅವಳ ಮಾತು ನಿಜ. ಇಲಿಗಳ ಮಿದುಳಿನಲ್ಲಿ ನಿಟ್ಟುಸಿರನ್ನು ಹುಟ್ಟಿಸುವ ಕಣಗಳನ್ನೇ 2016ರಲ್ಲಿ ಗುರುತಿಸಿದ್ದಾರೆ. ಮನುಷ್ಯರು ಸುಮ್ಮನೆ ಕೂತಿದ್ದರೂ ಸುಮಾರು ಐದು ನಿಮಿಷಕ್ಕೊಮ್ಮೆ ನಿಟ್ಟುಸಿರು ಬಿಡುತ್ತಾರಂತೆ, ದುಃಖವಿರಲಿ, ಇಲ್ಲದಿರಲಿ. ಮುಚ್ಚಿಹೋದ ಗಾಳಿಗೂಡುಗಳು ತೆರೆದುಕೊಳ್ಳಲು ಅದು ಬೇಕು. ಅಜ್ಜಿ ಬದುಕಿದ್ದರೆ ಇದನ್ನು ಹೇಳಿ ಜಗಳವಾಡುತ್ತಿದ್ದೆ. ಅಮ್ಮನಿಗಂತೂ ಕೊಡದ ವಿಷಯವನ್ನೇ ಮೊದಲು ಹೇಳುತ್ತಿದ್ದೆ.